ದೂರು ವಿಲೇವಾರಿ ಆಯ್ತು, ಪಿಂಚಣಿ ಬರಲಿಲ್ಲ

ಐದಕ್ಕೆ ಎರಡು ನಕ್ಷತ್ರ. ಅದರಲ್ಲಿ ಒಂದೂವರೆ, ಅಧಿಕಾರಿಗಳೆಲ್ಲ ಒಂದೇ ಕಡೆ ಕೂತು ದೂರು ಕೇಳುವ ಪಿಂಚಣಿ ಅದಾಲತ್‌ಗೆ, ಉಳಿದ ಅರ್ಧ ಕಚೇರಿ ಮುಂದಿರುವ ಬೇವಿನ ಗಿಡಕ್ಕೆ. ಆ ನೆರಳು ಇರಲಿಲ್ಲ ಅಂದಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಅವ್ವನನ್ನು ಕೂರಿಸೋಕೆ ಜಾಗವೇ ಇರಲಿಲ್ಲ.

ಜನ ಮಿಕ್ಸಿಗೆ ವಿಮರ್ಶೆ ಬರೆಯುತ್ತಾರೆ, ಮಿರ್ಚಿ ಬಂಡಿಗೂ ಬರೆಯುತ್ತಾರೆ. ನಾನು ಏಳು ತಿಂಗಳು ಬಳಸಿದ ಸೇವೆ ಇದು, ಹಾಗಾಗಿ ಬರೆಯುವ ಹಕ್ಕು ನನಗೂ ಇದೆ ಅಂದುಕೊಂಡಿದ್ದೇನೆ. ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕಚೇರಿ, ಅಲ್ಲಿನ ಪಿಂಚಣಿ ವಿಭಾಗ. ಜಿಲ್ಲೆಯಲ್ಲಿ ಏಳು ತಾಲ್ಲೂಕು ಇವೆ, ಯಾವುದು ಅಂತ ಹೇಳಲ್ಲ. ಅವ್ವ ಇನ್ನೂ ಅದೇ ಬಾಗಿಲಿಗೆ ಹೋಗಬೇಕಲ್ಲ.

ವಿಷಯ ಇಷ್ಟು. ಅವ್ವನಿಗೆ 71 ವರ್ಷ. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು. ಬಿಪಿ ಗುಳಿಗೆ, ಎಲೆ ಅಡಿಕೆ, ಮೊಮ್ಮಕ್ಕಳ ಕೈಗೆ ಹತ್ತಿಪ್ಪತ್ತು, ಅಷ್ಟಕ್ಕೇ ಸರಿಹೋಗುತ್ತದೆ. ಆದರೆ ಅದು ಅವಳದೇ ರೊಕ್ಕ, ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಎಳ್ಳಮಾವಾಸ್ಯೆ ಮುಗಿದು ಜನವರಿ ಬಂತು, ರೊಕ್ಕ ಬರಲಿಲ್ಲ. ಎರಡು ಮೂರು ತಿಂಗಳದ್ದು ಸೇರಿಸಿ ಒಟ್ಟಿಗೆ ಹಾಕುವುದು ಮೊದಲೂ ಇತ್ತು, ಹಾಗಾಗಿ ನಾವೂ ಸುಮ್ನೆ ಇದ್ದೆವು. ಫೆಬ್ರುವರಿಯಲ್ಲಿ ಓಣಿಯ ಉಳಿದ ಅಜ್ಜಿಯರಿಗೆಲ್ಲ ಬಂತು. ಆಗ ಅವ್ವ ನನಗೆ ಫೋನ್ ಮಾಡಿದಳು.

ನಾನು ಹೊಲಿಗೆ ಕೆಲಸದವಳು. ಒಂದು ದಿನ ಮಷೀನ್ ನಿಂತರೆ ಮೂರ್ನಾಲ್ಕು ಜಂಪರ್ ಹೋದಂತೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಈ ಸೇವೆಯ ನಿಜವಾದ ಬೆಲೆ ಅಲ್ಲೇ ಇರುವುದು. ಅರ್ಜಿಗೆ ಶುಲ್ಕ ಇಲ್ಲ. ಬಸ್ಸೂ ಫ್ರೀ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಅವ್ವನೂ ನಾನೂ ಆಧಾರ್ ತೋರಿಸಿ ಹತ್ತುತ್ತೇವೆ. ಒಂದು ಯೋಜನೆ ಕೊಡದ ರೊಕ್ಕವನ್ನು ಕೇಳೋಕೆ ಇನ್ನೊಂದು ಯೋಜನೆಯ ಬಸ್ಸಿನಲ್ಲಿ ಹನ್ನೊಂದು ಸಲ ಹೋಗಿ ಬಂದಿದ್ದೇವೆ. ಕಂಡಕ್ಟರಣ್ಣನಿಗೆ ನಮ್ಮ ಮುಖ ಗುರುತು ಸಿಕ್ಕಿಬಿಟ್ಟಿತ್ತು, "ಮತ್ತ ಆಫೀಸಿಗೇನ್ರಿ?" ಅಂತ ಅವನೇ ಕೇಳುತ್ತಿದ್ದ.

ಮೊದಲು ಹೋಗಿದ್ದು ಹೋಬಳಿಯ ನಾಡಕಚೇರಿಗೆ. ಅಲ್ಲಿದ್ದ ಹುಡುಗ ಆಧಾರ್ ನಂಬರ್ ಹಾಕಿ ನೋಡಿ, "ಯವ್ವಾ, ನಿಂದು ಎನ್‌ಪಿಸಿಐ ಆಗಿಲ್ಲ ಬೇ, ಬ್ಯಾಂಕಿಗೆ ಹೋಗು" ಅಂದ. ಈ ಎನ್‌ಪಿಸಿಐ ಅನ್ನೋ ಮಾತು ಈಗ ನಮ್ಮ ಕಡೆ ಜ್ವರ ನೆಗಡಿಯಷ್ಟೇ ಸಾಮಾನ್ಯ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಖಾತೆಗೆ ಆಧಾರ್ ಜೋಡಿಸುವುದು ಬೇರೆ, ಸರ್ಕಾರದ ರೊಕ್ಕ ಯಾವ ಖಾತೆಗೆ ಬೀಳಬೇಕು ಅಂತ ಎನ್‌ಪಿಸಿಐ, ಅಂದರೆ ಬ್ಯಾಂಕುಗಳ ನಡುವೆ ರೊಕ್ಕ ದಾಟಿಸುವ ಸಂಸ್ಥೆಯ ಪಟ್ಟಿಯಲ್ಲಿ ನಮೂದಾಗುವುದು ಬೇರೆ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಯಾವುದನ್ನು ಆ ಪಟ್ಟಿಗೆ ಸೇರಿಸಿದ್ದಾರೋ ಅದಕ್ಕೇ ರೊಕ್ಕ ಹೋಗುತ್ತದೆ. ಎಷ್ಟೋ ಜನರ ದುಡ್ಡು ಮರೆತುಹೋದ ಹಳೇ ಖಾತೆಗೆ ಬಿದ್ದು ಕೂತಿರುತ್ತದೆ. ಹಾಗಾಗಿ ಹುಡುಗ ಹೇಳಿದ್ದು ಸುಳ್ಳು ಅಂತ ನಮಗೆ ಅನ್ನಿಸಲೇ ಇಲ್ಲ.

ಬ್ಯಾಂಕಿನಲ್ಲಿ ಒಂದು ದಿನ ಸರದಿ, ಮರುದಿನ ಮತ್ತೆ ಸರದಿ. ಅವರು ನೋಡಿ, ಎಲ್ಲಾ ಸರಿ ಇದೆ, ನಮ್ಮ ಕಡೆ ಏನೂ ತೊಂದರೆ ಇಲ್ಲ ಅಂದರು. ನಾಡಕಚೇರಿಗೆ ವಾಪಸ್ ಬಂದರೆ, ಹಾಗಾದರೆ ಪೋಸ್ಟಾಫೀಸಿನಲ್ಲಿ ಹೊಸ ಖಾತೆ ತೆಗೆಸಿ ಅಂದರು. ತೆಗೆಸಿದೆವು. ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಕೆಲಸ ಮಾತ್ರ ಚೊಕ್ಕ ಆಯಿತು, ಹತ್ತು ನಿಮಿಷ, ಹೆಬ್ಬೆಟ್ಟು ಒತ್ತಿಸಿ ಕಳಿಸಿದರು. ಅವ್ವನ ಬೆರಳು ಹೊಲದ ಕೆಲಸಕ್ಕೆ ಸವೆದಿದೆ, ಮೂರನೇ ಸಲಕ್ಕೆ ಹತ್ತಿತು ಅಷ್ಟೇ. ಮಾರ್ಚ್ ಮುಗಿಯಿತು. ಆ ಖಾತೆಗೂ ಏನೂ ಬರಲಿಲ್ಲ.

ಇಲ್ಲಿಂದ ತಾಲ್ಲೂಕು ಕಚೇರಿ ಶುರು. ಪಿಂಚಣಿ ಟೇಬಲಿನ ಕೇಸ್ ವರ್ಕರ್ ಮೊದಲ ದಿನ ರಜೆ. ಎರಡನೇ ದಿನ ಸರ್ವರ್ ಇಲ್ಲ. ಮೂರನೇ ಸಲ ಸಿಕ್ಕರು, "ಅಕ್ಕಾರ, ಮ್ಯಾಲಿಂದ ರೊಕ್ಕ ಬಂದಿಲ್ರಿ, ಬಂದ್ರ ತಾನೇ ಬೀಳತೈತಿ" ಅಂದರು. ಮೇಲಿಂದ ಬರದಿದ್ದರೆ ಓಣಿಯವರಿಗೆಲ್ಲ ಹೇಗೆ ಬಂತು? ಕೇಳಿದೆ. ಅದಕ್ಕೆ ಉತ್ತರ ಇರಲಿಲ್ಲ. ದೂರು ಬರೆದುಕೊಡಿ ಅಂದರು, ಬರೆದುಕೊಟ್ಟೆ. ಸ್ವೀಕೃತಿ ಕೊಡಿ ಅಂದೆ. ಟಪಾಲಿನಲ್ಲಿ ಹಾಕಿ ಹೋಗ್ರಿ ಅಂದರು. ನಾನು ಆ ದಿನ ಸುಮ್ನೆ ಟಪಾಲಿನಲ್ಲಿ ಹಾಕಿ ಬಂದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಮೂರು ವಾರ ಬಿಟ್ಟು ಹೋದರೆ ಅಂಥ ಕಾಗದವೇ ಬಂದಿಲ್ಲ ಅಂದರು, ನನ್ನ ಕೈಯಲ್ಲಿ ತೋರಿಸೋಕೆ ಏನೂ ಇಲ್ಲ.

ಹೊರಗೆ ಬಂದರೆ ಜೆರಾಕ್ಸ್ ಅಂಗಡಿ ಹತ್ತಿರ ಒಬ್ಬ ನಿಂತಿದ್ದ. ಒಂದೂವರೆ ಸಾವಿರ ಕೊಟ್ಟರೆ ಒಂದೇ ತಿಂಗಳಲ್ಲಿ ಮಾಡಿಸಿಕೊಡುತ್ತೇನೆ ಅಂದ. ಅವನಿಗೆ ಮಾತ್ರ ನಮ್ಮ ಸಮಸ್ಯೆ ಪೂರ್ತಿ ಅರ್ಥವಾದಂತೆ ಕಂಡಿತು, ನಿಜ ಹೇಳುತ್ತೇನೆ. ಕೊಡಲಿಲ್ಲ. ಕೊಟ್ಟವರನ್ನು ಬೈಯುವುದೂ ಇಲ್ಲ, ನಮ್ಮಷ್ಟು ತಿರುಗೋಕೆ ಎಲ್ಲರಿಗೂ ಕಾಲು ಇರುತ್ತವಾ?

ಆಮೇಲೆ 1902. ಜನಸ್ಪಂದನ ಸಹಾಯವಾಣಿ, ಪಿಂಚಣಿಯಿಂದ ಹಿಡಿದು ಬೀದಿ ದೀಪದವರೆಗೆ ಎಲ್ಲಾ ಇಲಾಖೆಯ ದೂರೂ ಇದೊಂದೇ ನಂಬರಿಗೆ. ಫೋನ್ ಎತ್ತಿದ ಹುಡುಗಿ ಚೆನ್ನಾಗಿ ಮಾತಾಡಿದಳು, ಅವ್ವನ ಹೆಸರು, ಊರು, ಆಧಾರ್ ಎಲ್ಲಾ ತಾಳ್ಮೆಯಿಂದ ಬರೆದುಕೊಂಡಳು. ತಕ್ಷಣ ದೂರಿನ ಸಂಖ್ಯೆ ಮೆಸೇಜ್ ಬಂತು. ಇಷ್ಟು ಸುಲಭ ಇತ್ತಲ್ಲ, ಮೊದಲೇ ಮಾಡಬೇಕಿತ್ತು ಅಂತ ನನಗೆ ನಾನೇ ಬೈದುಕೊಂಡೆ. ಒಂಬತ್ತು ದಿನಕ್ಕೆ ಇನ್ನೊಂದು ಮೆಸೇಜ್: ದೂರು ವಿಲೇವಾರಿ ಮಾಡಲಾಗಿದೆ. ಓಡಿಹೋಗಿ ಪೋಸ್ಟಾಫೀಸಿನಲ್ಲಿ ನೋಡಿದರೆ ಖಾತೆಯಲ್ಲಿ ಖಾತೆ ತೆರೆಯುವಾಗ ಹಾಕಿದ ರೊಕ್ಕ ಮಾತ್ರ ಇದೆ.

ವಿಲೇವಾರಿ ಅಂದರೆ ಏನು ಅಂತ ನನಗೆ ಆವತ್ತು ಅರ್ಥವಾಯಿತು. ಪುರಸಭೆಯವರು ಕಸ ವಿಲೇವಾರಿ ಮಾಡುತ್ತಾರಲ್ಲ, ಅದೇ ಮಾತು. ಮನೆ ಮುಂದಿನಿಂದ ಎತ್ತಿ ಊರ ಹೊರಗೆ ಹಾಕುವುದು.

ಈ ದೂರು ಎಲ್ಲೆಲ್ಲಿ ಹೋಗಿ ಬಂತು ಅಂತ ಆಮೇಲೆ ತಿಳಿದುಕೊಂಡೆ. ಬೆಂಗಳೂರಿನಲ್ಲಿ ದಾಖಲಾಗಿ ಕಂದಾಯ ಇಲಾಖೆಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಅದೇ ಪಿಂಚಣಿ ಟೇಬಲಿಗೆ. ಅಂದರೆ ಯಾರ ಮೇಲೆ ದೂರು ಕೊಟ್ಟೆವೋ ಅವರ ಕೈಗೇ ಉತ್ತರ ಬರೆಯೋಕೆ ಕೊಟ್ಟಂತೆ. ಅವರು "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಅಂತ ಒಂದು ಸಾಲು ಬರೆದರು, ಕಂಪ್ಯೂಟರಿನಲ್ಲಿ ದೂರು ಮುಚ್ಚಿತು. ಮತ್ತೆ ಫೋನ್ ಮಾಡಿ, ರೊಕ್ಕ ಬಂದಿಲ್ಲ, ದೂರು ಮುಚ್ಚಬೇಡಿ ಅಂದೆ. ಎರಡನೇ ಸಲ "ಫಲಾನುಭವಿಗೆ ಮಾಹಿತಿ ನೀಡಲಾಗಿದೆ" ಅಂತ ಮುಚ್ಚಿದರು. ಯಾವ ಫಲಾನುಭವಿಗೆ? ಅವ್ವನ ಬಳಿ ಇರುವುದು ಬಟನ್ ಫೋನು, ಅದಕ್ಕೆ ನಾನು ಮತ್ತು ನನ್ನ ಅಣ್ಣ ಬಿಟ್ಟರೆ ಇನ್ನಾರೂ ಫೋನ್ ಮಾಡಲ್ಲ. ಸಾಲದ ಕಂಪನಿಯವರು ಮಾಡುತ್ತಾರೆ, ಅದು ಬೇರೆ.

ಇದು ನಮ್ಮೊಬ್ಬರ ಕಥೆ ಅಂದುಕೊಂಡಿದ್ದೆ. ಅದೇ ಬೇವಿನ ಗಿಡದ ಕೆಳಗೆ ಗಂಗಾವತಿ ಕಡೆ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವವನ ಹೆಂಡತಿ ಒಬ್ಬಳು ಸಿಕ್ಕಳು, ತಾಯಿಯ ಮನೆ ಇಲ್ಲೇ ಅಂತೆ. ಅವಳ ಗೃಹಲಕ್ಷ್ಮಿಯ 2,000 ನಿಂತುಹೋಗಿದೆ. ಕಾರಣ ಕೇಳಿದರೆ ಗಂಡ ಜಿಎಸ್‌ಟಿ ಕಟ್ಟುತ್ತಾನೆ ಅಂತ ತೋರಿಸುತ್ತಿದೆಯಂತೆ! ಹೆಂಡತಿ ಅಥವಾ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುತ್ತಿದ್ದರೆ ಗೃಹಲಕ್ಷ್ಮಿ ಇಲ್ಲ ಅನ್ನುವ ನಿಯಮ ಇದೆ, ಸರಿ. ಆದರೆ ಮೂಟೆ ಹೊರುವವನು ಯಾವ ಜಿಎಸ್‌ಟಿ ಕಟ್ಟಿದ? ಕಟ್ಟಿಲ್ಲ ಅಂತ ಆ ಇಲಾಖೆಯಿಂದ ಪತ್ರ ತನ್ನಿ ಅಂದಿದ್ದಾರೆ. ಕಟ್ಟಿದ್ದಕ್ಕೆ ರಸೀದಿ ತರಬಹುದು, ಕಟ್ಟದೇ ಇದ್ದದ್ದಕ್ಕೆ ಎಲ್ಲಿಂದ ತರಬೇಕು ಅಂತ ಅವಳು ನನ್ನನ್ನೇ ಕೇಳಿದಳು. ಅವಳಿಗೆ ಇಲ್ಲಿ ಬಂದು ಉಪಯೋಗವೂ ಇರಲಿಲ್ಲ, ಗೃಹಲಕ್ಷ್ಮಿ ನೋಡುವುದು ಮಹಿಳಾ ಮತ್ತು ಮಕ್ಕಳ ಇಲಾಖೆ, ಸಿಡಿಪಿಒ ಕಚೇರಿಗೆ ಹೋಗಬೇಕು. ರೇಷನ್ ಆದರೆ ಆಹಾರ ಇಲಾಖೆ, 1967ಕ್ಕೆ ಫೋನ್. ಪಿಂಚಣಿ ಆದರೆ ತಹಶೀಲ್ದಾರ್. ಬಡತನ ಒಂದೇ, ಬಾಗಿಲು ಮಾತ್ರ ಬೇರೆ ಬೇರೆ. ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ, ನೀನು ಯಾವ ಇಲಾಖೆಯ ಹಸಿವಿನವನು ಅಂತ ಯಾರೂ ಕೇಳಲ್ಲ ಅಂತ ಅವ್ವ ಅಂದಳು. ಮಠಕ್ಕೂ ಸರ್ಕಾರಕ್ಕೂ ಹೋಲಿಸಬಾರದು, ಗೊತ್ತು. ಆದರೂ ಹೇಳಿದಳು.

ಸಕಾಲ ಇದೆಯಲ್ಲ ಅಂತ ಯಾರೋ ಹೇಳಿದರು. ಸರ್ಕಾರಿ ಕೆಲಸ ಹೊತ್ತಿಗೆ ಸರಿಯಾಗಿ ಆಗಬೇಕು ಅಂತ 2012ರಲ್ಲಿ ಬಂದಿದ್ದು, ಹೊಸ ಅರ್ಜಿ ಹಾಕಿದರೆ 15 ಅಂಕಿಯ ಸಂಖ್ಯೆ ಕೊಡುತ್ತಾರೆ, ಇಷ್ಟು ದಿನದಲ್ಲಿ ಕೆಲಸ ಆಗಬೇಕು ಅಂತ ಲೆಕ್ಕ ಇದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವನ್ನೂ ಕೇಳಬಹುದು. ಒಳ್ಳೆಯದೇ. ಆದರೆ ನಾವು ಕೊಟ್ಟಿದ್ದು ಹೊಸ ಅರ್ಜಿ ಅಲ್ಲವಲ್ಲ, ಬರುತ್ತಿದ್ದದ್ದು ನಿಂತಿದೆ ಅನ್ನುವ ದೂರು. ನಮಗೆ ಆ ಸಂಖ್ಯೆಯೂ ಸಿಗಲಿಲ್ಲ, ದಿನದ ಲೆಕ್ಕವೂ ಇರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ನನ್ನ ಹತ್ತಿರ ಹೊಲಿಸಿಕೊಳ್ಳುವ ಟೀಚರ್ ಅಕ್ಕ. "ನೀನು ರೊಕ್ಕ ಕೊಡಿ ಅಂತ ಕೇಳಬ್ಯಾಡ, ಯಾಕ ನಿಲ್ಲಿಸೀರಿ ಅಂತ ಕೇಳು" ಅಂದಳು. ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಮೂರು ತಿಂಗಳಿಂದ ನಾನು ಎಲ್ಲರಿಗೂ ಹೇಳಿದ್ದು ರೊಕ್ಕ ಬಂದಿಲ್ಲ ಅಂತ ಮಾತ್ರ. ಯಾಕೆ ಅಂತ ಬರವಣಿಗೆಯಲ್ಲಿ ಕೇಳಿರಲೇ ಇಲ್ಲ. ಅವರೂ ಹೇಳಿರಲಿಲ್ಲ.

ಮಾಹಿತಿ ಹಕ್ಕು ಅರ್ಜಿ ಬರೆದೆವು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಬೇಕು ಅಷ್ಟೇ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಟೀಚರ್ ಅಕ್ಕ ನಾಲ್ಕು ಸಾಲು ಬರೆದಳು: ಈ ಪಿಂಚಣಿ ಯಾವ ದಿನಾಂಕದಿಂದ ನಿಂತಿದೆ, ಯಾವ ಆದೇಶದಿಂದ, ಯಾವ ವರದಿಯ ಮೇಲೆ, ಅದರ ನಕಲು ಕೊಡಿ. ಈ ಸಲ ಎರಡು ಪ್ರತಿ ಒಯ್ದೆ, ಒಂದರ ಮೇಲೆ ಸೀಲು ದಿನಾಂಕ ಹಾಕಿಸಿಕೊಳ್ಳದೆ ಕದಲಲಿಲ್ಲ. ಟಪಾಲಿನವರು ಮುಖ ಗಂಟು ಹಾಕಿಕೊಂಡರು. ಹಾಕಿಕೊಳ್ಳಲಿ.

30 ದಿನ ಅಂತ ಕಾನೂನು, ನಮಗೆ 34ನೇ ದಿನ ಬಂತು. ನಾಲ್ಕು ದಿನ ಹೊಟ್ಟೆಗೆ ಹಾಕಿಕೊಂಡೆವು. ಒಳಗೆ ಒಂದು ಪರಿಶೀಲನಾ ವರದಿಯ ನಕಲು, ಅದರಲ್ಲಿ ಇಪ್ಪತ್ತು ಮೂವತ್ತು ಹೆಸರು, ಅವ್ವನ ಹೆಸರಿನ ಮುಂದೆ ಒಂದೇ ಮಾತು: "ವಾಸವಿರುವುದಿಲ್ಲ."

ನೋಡಿದ ತಕ್ಷಣ ಗೊತ್ತಾಯಿತು. ಹೋದ ವರ್ಷ ಮಳೆ ಕೈಕೊಟ್ಟು, ದಸರಾ ಮುಗಿಯುತ್ತಲೇ ಅಣ್ಣ ಅತ್ತಿಗೆ ಬೆಂಗಳೂರಿಗೆ ಗುಳೆ ಹೋಗಿದ್ದರು, ಗಾರೆ ಕೆಲಸಕ್ಕೆ. ಮಕ್ಕಳನ್ನು ನೋಡಿಕೊಳ್ಳೋಕೆ ಅವ್ವನೂ ಎರಡು ತಿಂಗಳು ಅವರ ಜೊತೆ ಶೆಡ್ಡಿನಲ್ಲಿದ್ದಳು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಬೇಕು ಅಂತ ಹಟ ಮಾಡಿ ವಾಪಸ್ ಬಂದಳು. ಆ ಎರಡು ತಿಂಗಳಲ್ಲೇ ಯಾರೋ ಪರಿಶೀಲನೆಗೆ ಬಂದಿದ್ದಾರೆ, ಬೀಗ ನೋಡಿದ್ದಾರೆ, ಬರೆದಿದ್ದಾರೆ. ಪಕ್ಕದ ಮನೆಯಲ್ಲಿ ಕೇಳಿದ್ದರೆ ಸಾಕಿತ್ತು. ನಮ್ಮ ಊರಲ್ಲಿ ಆ ದಿನಗಳಲ್ಲಿ ಮೂರು ಮನೆಗೆ ಒಂದು ಮನೆ ಬೀಗ ಹಾಕಿರುತ್ತದೆ, ಅದೇನು ಗುಟ್ಟಲ್ಲ. ಸತ್ತವರ ಹೆಸರಿನಲ್ಲಿ ಪಿಂಚಣಿ ಹೋಗಬಾರದು, ಪರಿಶೀಲನೆ ಬೇಕೇ ಬೇಕು, ಅದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ನಿಲ್ಲಿಸುವ ಮುಂಚೆ ಒಂದು ನೋಟಿಸು, ಬೇಡ, ನಿಲ್ಲಿಸಿದ ಮೇಲಾದರೂ ಒಂದು ಮೆಸೇಜ್? ದೂರು ಮುಚ್ಚಿದ್ದಕ್ಕೆ ಎರಡು ಸಲ ಮೆಸೇಜ್ ಕಳಿಸೋಕೆ ಆಗುತ್ತದೆ, ಪಿಂಚಣಿ ನಿಲ್ಲಿಸಿದ್ದಕ್ಕೆ ಒಂದು ಸಲ ಆಗಲ್ವಾ?

ಆಮೇಲೆ ಲೆಕ್ಕ ಹಾಕಿದೆ. ಎನ್‌ಪಿಸಿಐ ಅಂತ ಬ್ಯಾಂಕಿಗೆ ಓಡಾಡಿದ್ದು, ಹೊಸ ಖಾತೆ, ಮೇಲಿಂದ ಬಂದಿಲ್ಲ ಅಂತ ಕಾದದ್ದು, ಇದೆಲ್ಲ ಪೂರ್ತಿ ದಂಡ. ಕಾರಣ ಆ ಕಚೇರಿಯದೇ ಕಾಗದದಲ್ಲಿ ಮೊದಲ ದಿನದಿಂದ ಇತ್ತು.

ಪಿಂಚಣಿ ಅದಾಲತ್ ಬಗ್ಗೆ ಒಳ್ಳೆಯ ಮಾತು ಹೇಳಬೇಕು. ಜೂನ್‌ನಲ್ಲಿ ಹೋಬಳಿ ಊರಿನ ಸಮುದಾಯ ಭವನದಲ್ಲಿ ಇಟ್ಟಿದ್ದರು, ಹಿಂದಿನ ದಿನ ಡಂಗುರ ಸಾರಿಸಿದ್ದರಿಂದ ಗೊತ್ತಾಯಿತು. ಒಂದೇ ಉದ್ದ ಟೇಬಲ್. ತಹಶೀಲ್ದಾರ್, ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತ ಅಧಿಕಾರಿ, ಅದೇ ಕೇಸ್ ವರ್ಕರ್, ಒಂದು ಲ್ಯಾಪ್‌ಟಾಪ್, ಎಲ್ಲಾ ಅಕ್ಕಪಕ್ಕ. ಅಲ್ಲಿ ಹೋಗು ಇಲ್ಲಿ ಹೋಗು ಅನ್ನೋಕೆ ಜಾಗವೇ ಇಲ್ಲ, ಯಾರ ಕಡೆ ಕೈ ತೋರಿಸಿದರೂ ಅವರು ಅಲ್ಲೇ ಕೂತಿದ್ದಾರೆ! ನಾನು ವರದಿಯ ನಕಲು ಮುಂದಿಟ್ಟೆ. ಗ್ರಾಮ ಆಡಳಿತ ಅಧಿಕಾರಿ ಹೊಸ ಹುಡುಗ, ವರದಿ ಬರೆದವರು ಅವನಿಗಿಂತ ಮುಂಚಿನವರು. ಪಾಪ ಅವನು ಓದಿ, "ಇದರಾಗ ವಾಸ ಇಲ್ಲ ಅಂತ ಐತ್ರಿ" ಅಂದ. ಅವ್ವ ಸೆರಗು ಸರಿಮಾಡಿಕೊಂಡು, "ನಾ ನಿನ್ನ ಮುಂದೇ ಕುಂತೀನಲ್ಲೋ ಯಪ್ಪಾ, ಎಲ್ಲಿ ಹೋಗೀನಿ ನಾ?" ಅಂದಳು. ಸುತ್ತ ಇದ್ದವರು ನಕ್ಕರು, ತಹಶೀಲ್ದಾರರೂ ನಕ್ಕರು. ಹತ್ತು ನಿಮಿಷ ಹಿಡಿಯಿತು, ಅಷ್ಟೇ. ಮರು ಪರಿಶೀಲನೆ ಮಾಡಿ ಅಂತ ಅಲ್ಲೇ ಬರೆದರು.

ಹುಡುಗ ಅದೇ ವಾರ ಮನೆಗೆ ಬಂದ. ಬಾಗಿಲ ಮುಂದೆ ಅವ್ವನನ್ನು ನಿಲ್ಲಿಸಿ ಫೋಟೋ ತೆಗೆದ, ಅಕ್ಕಪಕ್ಕದವರ ಸಹಿ ಹಾಕಿಸಿ ಪಂಚನಾಮೆ ಮಾಡಿದ, ಕೊಟ್ಟ ಚಹಾ ಕುಡಿದು ಹೋದ, ರೊಕ್ಕ ಮುಟ್ಟಲಿಲ್ಲ. ಇವರನ್ನೂ ಸ್ವಲ್ಪ ನೋಡಬೇಕು. ಒಬ್ಬನಿಗೆ ಎಷ್ಟೋ ಹಳ್ಳಿ, ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಪಹಣಿ, ಪಿಂಚಣಿ, ಚುನಾವಣೆ ಬಂದರೆ ಅದೂ. 2024ರಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಕೂತಾಗ ಹೇಳಿದ್ದೂ ಅದನ್ನೇ, ಆ್ಯಪ್ ಮೇಲೆ ಆ್ಯಪ್ ಕೊಡುತ್ತಾರೆ, ಕೂರೋಕೆ ಕಚೇರಿ ಇಲ್ಲ, ಒಳ್ಳೆಯ ಮೊಬೈಲ್ ಇಲ್ಲ ಅಂತ. ಆಗ ನಾನೂ ಬೈದಿದ್ದೆ. ಬೀಗ ನೋಡಿ ಬರೆದುಕೊಂಡು ಹೋದವರು ಆ ದಿನ ಇನ್ನೆಷ್ಟು ಮನೆ ಮುಗಿಸಬೇಕಿತ್ತೋ.

ಜುಲೈ ಕೊನೆಗೆ ಆದೇಶ ಆಯಿತು. ಪಂಚಮಿ ಉಂಡಿ ಖಾಲಿಯಾದ ಮೇಲೆ, ಆಗಸ್ಟಿನಲ್ಲಿ 1,200 ಬಂತು. ಪೋಸ್ಟಾಫೀಸಿನ ಹೊಸ ಖಾತೆಗೇ ಬಂತು, ಹಾಗಾಗಿ ಅದೊಂದು ತಿರುಗಾಟ ಪೂರ್ತಿ ವ್ಯರ್ಥ ಅನ್ನೋ ಹಾಗಿಲ್ಲ.

ಇನ್ನು ಬಾಕಿ. ಜನವರಿಯಿಂದ ಜುಲೈವರೆಗೆ ಏಳು ತಿಂಗಳು, 8,400 ರೂಪಾಯಿ. ಆದೇಶ ಆದ ತಿಂಗಳಿಂದ ಮಾತ್ರ ಬರುತ್ತದೆ ಅಂತ ಟೇಬಲಿನಲ್ಲಿ ಬಾಯಿಮಾತಿಗೆ ಹೇಳಿದರು. ತಪ್ಪು ವರದಿ ಅವರದು, ಏಳು ತಿಂಗಳು ನಮ್ಮದು, ಇದು ಯಾವ ನ್ಯಾಯ? ಬರೆದುಕೊಡಿ ಅಂದೆ. ಬರೆದುಕೊಡಲಿಲ್ಲ. ಬಾಕಿಗೆ ಬೇರೆ ಅರ್ಜಿ ಕೊಟ್ಟಿದ್ದೇನೆ, ಸೀಲು ಹಾಕಿಸಿಕೊಂಡೇ. ಅದರಲ್ಲಿ ಈ ಸಲ ಎರಡೇ ಪ್ರಶ್ನೆ: ಕೊಡುತ್ತೀರೋ ಇಲ್ಲವೋ, ಇಲ್ಲ ಅಂದರೆ ಯಾವ ನಿಯಮದ ಪ್ರಕಾರ.

ಹೋಗುವವರಿದ್ದರೆ ಬೆಳಗ್ಗೆ ಹನ್ನೊಂದಕ್ಕೆ ಮುಂಚೆ ಹೋಗಿ, ಊಟ ಆದ ಮೇಲೆ ಯಾರೂ ಸಿಗಲ್ಲ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಒಂದೊಂದರದ್ದೂ ನಾಲ್ಕು ಜೆರಾಕ್ಸ್ ಊರಲ್ಲೇ ಮಾಡಿಸಿಕೊಳ್ಳಿ, ಕಚೇರಿ ಮುಂದೆ ಜಾಸ್ತಿ ತಗೊಳ್ಳುತ್ತಾರೆ. ಕುಡಿಯೋಕೆ ನೀರು ಒಯ್ಯಿರಿ. ಪಕ್ಕದ ಬಂಡಿಯಲ್ಲಿ ಒಗ್ಗರಣೆ ಮಿರ್ಚಿ ಚೆನ್ನಾಗಿದೆ, ಅವನಿಗೆ ಐದಕ್ಕೆ ಐದು.

ಬಾಕಿಯ ಅರ್ಜಿ ಕೊಟ್ಟು ಇವತ್ತಿಗೆ ಆರು ವಾರ. ಉತ್ತರ ಬಂದರೆ ನಕ್ಷತ್ರ ಬದಲಿಸುತ್ತೇನೆ.